ತೇಪೆಯ ಚೀಲ ಮತ್ತು ಹನ್ನೆರಡು ಮಂದಿ

ಲಂಡನ್ನಿನ ರೇನರ್ಸ್ ಲೇನಿನ ವೈಲೆಟ್ ಎಂದೂ ಅಂಗಡಿಯವರ ಬುಟ್ಟಿ ಮುಟ್ಟಿದವಳಲ್ಲ. ಉಡುಪಿಯಿಂದ ತಂದ ಬಟ್ಟೆ ಚೀಲಕ್ಕೆ ಸಾಮಾನು ಹಾಕಿಕೊಂಡು, ಕೌಂಟರಿನ ಮೇಲೆ ಸುರಿಯುವುದೇ ಅವಳ ಪದ್ಧತಿ. ಬೀದಿಯ ಗುಜರಾತಿ ಅಂಗಡಿಯಲ್ಲಿ ಇಪ್ಪತ್ತು ವರ್ಷ ಇದು ನಡೆದಿತ್ತು. 1998ರ ಮಾರ್ಚಿನಲ್ಲಿ, ಹೊಸ ಸೂಪರ್‌ಮಾರ್ಕೆಟ್ಟಿನಲ್ಲಿ ನಡೆಯಲಿಲ್ಲ. ಸುರಿದದ್ದಕ್ಕೆಲ್ಲ ದುಡ್ಡು ಕೊಟ್ಟು ಬಾಗಿಲು ದಾಟಿದವಳ ಚೀಲವನ್ನು ಕಾವಲುಗಾರ ತಡಕಿದ. ತಳದಲ್ಲೊಂದು ಕಾಳುಮೆಣಸಿನ ಪೊಟ್ಟಣ! ಪೊಲೀಸರು ಚೀಲವನ್ನೂ ಪೊಟ್ಟಣವನ್ನೂ ಒಯ್ದರು, ಕಳ್ಳತನದ ಕೇಸಾಯಿತು.

ಅವಳ ವಕೀಲೆ ಬೃಂದಾ ಮೈಸೂರಿನವರ ಮಗಳು, ಬುದ್ಧಿವಂತೆ.

"ಹಿಂದೆ ಇಲ್ಲಿ ಅಪರಾಧಕ್ಕೆ ಘೋರ, ಲಘು ಅಂತ ಎರಡು ಜಾತಿ ಇತ್ತು ಆಂಟಿ. ಅದು ಹೋಗಿ ಮೂವತ್ತು ವರ್ಷ ಆಯ್ತು. ಈಗ ಸಣ್ಣವು ಮ್ಯಾಜಿಸ್ಟ್ರೇಟ್ ಹತ್ರ, ಕೊಲೆಯಂಥವು ಹನ್ನೆರಡು ಜನರ ಜ್ಯೂರಿ ಕೂರೋ ಕ್ರೌನ್ ಕೋರ್ಟಿಗೆ. ಕಳ್ಳತನ ನಡುವಿಂದು, ಎಲ್ಲಿ ಅಂತ ನೀವೇ ಆರಿಸ್ಬಹುದು. ಮ್ಯಾಜಿಸ್ಟ್ರೇಟ್ ಹತ್ರ ಒಪ್ಕೊಂಡ್ರೆ ಸಣ್ಣ ದಂಡ. ಕ್ರೌನ್ ಕೋರ್ಟಲ್ಲಿ ಸೋತ್ರೆ ಶಿಕ್ಷೆ ಜಾಸ್ತಿ ಆಗ್ಬಹುದು."

"ಒಪ್ಪಿಕೊಂಡು ಬಿಡು ಮಾರಾಯ್ತಿ," ಎಂದ ಗಂಡ ಫ್ರಾನ್ಸಿಸ್. "ಕಡ್ಡಿಯನ್ನು ಗುಡ್ಡ ಮಾಡುದು ಎಂತಕ್ಕೆ?"

ವೈಲೆಟ್ ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಬಡಿಸುವವಳು. ಕಳ್ಳಿ ಎಂದು ದಾಖಲಾದರೆ ಆ ಕೆಲಸ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಅವಳಿಗೆ ಸಿಟ್ಟು ಬಂದಿತ್ತು.

"ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರುದಿಲ್ಲ. ಮಾಡದ್ದನ್ನು ಒಪ್ಪುದು ಹೇಗೆ? ಹನ್ನೆರಡು ಜನ ಕೂತು ಹೇಳ್ಲಿ. ಮೊದಲು ಆ ಚೀಲ ನೋಡಿ!"

ಎಂಟು ತಿಂಗಳು ಕಾದಳು. ಶಾಲೆ ಅವಳನ್ನು ಮನೆಯಲ್ಲಿ ಕೂರಿಸಿತ್ತು. ಚರ್ಚಿನಲ್ಲಿ ಕೆಲವರು ಬೆಂಚು ಬದಲಿಸಿದರು. ಅವಳು ಮಾತ್ರ ಮೊದಲ ಸಾಲು ಬಿಡಲಿಲ್ಲ.

ಕ್ರೌನ್ ಕೋರ್ಟಿನಲ್ಲಿ ಜ್ಯೂರಿಯ ಹನ್ನೆರಡು ಮಂದಿಯ ಎದುರು ಅವಳ ಕೈಗೆ ಚೀಲ ಬಂತು. ಆ ದಿನ ಕೊಂಡಂಥದೇ ಈರುಳ್ಳಿ, ಬ್ರೆಡ್ಡು, ಚಹಾ ಡಬ್ಬಿ, ಮೆಣಸಿನ ಪೊಟ್ಟಣ ಹಾಕಿ ಮಗುಚಿದಳು. ಎಲ್ಲವೂ ಬಿತ್ತು, ಮೆಣಸು ಬೀಳಲಿಲ್ಲ. ಒಳಮಗ್ಗುಲು ಹೊರಗೆಳೆದು ತೋರಿಸಿದಳು. ತಳಕ್ಕೆ ಅವಳೇ ಹಾಕಿದ್ದ ತೇಪೆಯ ಒಂದು ಬದಿಯ ಹೊಲಿಗೆ ಬಿಟ್ಟು ಜೇಬಿನಂತಾಗಿ, ಪೊಟ್ಟಣ ಅದರೊಳಗೆ ಸಿಕ್ಕಿಕೊಂಡಿತ್ತು. ಜ್ಯೂರಿಯ ಮುದುಕಿಯೊಬ್ಬಳು ಎದ್ದು ನಿಂತೇ ನೋಡಿದಳು.

ನಿರಪರಾಧಿ ಎಂದರು. ಫ್ರಾನ್ಸಿಸ್ ಅತ್ತುಬಿಟ್ಟ, ಅವಳು ಅಳಲಿಲ್ಲ.

ಚೀಲ ಮನೆಗೆ ಬಂದ ದಿನ ವೈಲೆಟ್ ಸೂಜಿಗೆ ದಾರ ಪೋಣಿಸಿ ಆ ಬದಿಯನ್ನು ಎರಡು ಸುತ್ತು ಹೊಲಿದಳು. ಆಮೇಲೆ ಅದನ್ನೇ ಹೆಗಲಿಗೇರಿಸಿಕೊಂಡು, ಅದೇ ಸೂಪರ್‌ಮಾರ್ಕೆಟ್ಟಿಗೆ ಕಾಳುಮೆಣಸು ತರಲು ಹೊರಟಳು.