ರೇಣಮ್ಮನ ತೂಕಕ್ಕೊಂದು ಕಮಾನು

ಶಹಾಪುರದ ಹಳೆ ಕೆನಾಲ್ ಕ್ಯಾಂಪಿನ ರಸ್ತೆಯಲ್ಲಿ ಇನ್ನೂ ಚಹಾದ ಒಲೆ ಹೊತ್ತಿಲ್ಲ. ತಗಡಿನ ಶೆಡ್ಡಿನ ಮುಂದೆ ಬೀರಣ್ಣ ಕುಕ್ಕರಗಾಲಲ್ಲಿ ಕೂತು ಗೊಬ್ಬರದ ಚೀಲವೊಂದರ ಬಾಯಿ ಬಿಚ್ಚುತ್ತಾರೆ. ಒಳಗಿರುವುದು ಉಸುಕು. ಬೊಗಸೆಯಲ್ಲಿ ಒಂದಿಷ್ಟು ತೆಗೆದು ಗೋಡೆ ಬದಿಯ ಗುಡ್ಡೆಗೆ ಸುರಿಯುತ್ತಾರೆ. ಚೀಲವನ್ನು ಕೊಕ್ಕೆಯ ತಕ್ಕಡಿಗೆ ತೂಗುಹಾಕಿ ನೋಡಿ, ಇನ್ನೊಂದು ಬೊಗಸೆ ತೆಗೆಯುತ್ತಾರೆ. ಆಮೇಲೆ ಚೀಲವನ್ನು ಎತ್ತಿ ಕೆಂಪು ಕಾರಿನ ಎಡಗಡೆ ಸೀಟಿನಲ್ಲಿ ಕೂರಿಸಿ, ಜಾರದ ಹಾಗೆ ಹಳೆ ಸೀರೆಯಿಂದ ಸುತ್ತಿ ಕಟ್ಟುತ್ತಾರೆ.

ಕಾರಿಗೆ ಎರಡೇ ಬಾಗಿಲು, ಎರಡೇ ಸೀಟು. ನೆಲಕ್ಕೆ ಹತ್ತಿಕೊಂಡಂತೆ ಕೂತ ಹಳೆ ಕಾಲದ ಓಟದ ಗಾಡಿ. ಬೀರಣ್ಣ ಅದನ್ನು ಕೆನಾಲಿನ ಗೇಟಿನವರೆಗೆ ಓಡಿಸಿಕೊಂಡು ಹೋಗಿ ಬರುತ್ತಾರೆ. ಕಣ್ಣು ರಸ್ತೆಯ ಮೇಲೆ, ಮನಸ್ಸೆಲ್ಲ ಪಕ್ಕದ ಸೀಟಿನ ಮೇಲೆ. ಚೀಲ ಎಲ್ಲಿ ಜಿಗಿಯಿತು, ಎಲ್ಲಿ ಬರೀ ತೂಗಾಡಿತು ಎಂದು ನೋಡುತ್ತಾರೆ.

ಆ ಚೀಲ ಅವರ ಹೆಂಡತಿ ರೇಣಮ್ಮನ ತೂಕದ್ದು. ಕಿಡ್ನಿ ಎರಡೂ ಕೈಬಿಟ್ಟಿವೆ. ಮಂಗಳವಾರ, ಶುಕ್ರವಾರ ಯಾದಗಿರಿಯ ದವಾಖಾನೆಗೆ ಡಯಾಲಿಸಿಸ್‌ಗೆ ಹೋಗಬೇಕು. ಎಲುಬು ಎಷ್ಟು ಸೊರಗಿವೆಯೆಂದರೆ ರಸ್ತೆಯ ಒಂದೊಂದು ತಗ್ಗೂ ಬೆನ್ನಿಗೆ ಬಡಿಯುತ್ತದೆ. "ಆಕೀನ್ನ ಕೂಡಿಸ್ಕೊಂಡು ಟ್ರಾಯಲ್ ಮಾಡಾಕ ಬರ್ತದೇನ್ರಿ? ಉಸುಕಿಗಿ ನೋವಾಗಂಗಿಲ್ಲ," ಅನ್ನುತ್ತಾರೆ ಬೀರಣ್ಣ.

ಅರವತ್ತು ದಾಟಿದ ಬೀರಣ್ಣ ಹತ್ತಿಕುಣಿ ಕಡೆಯವರು. ಕೃಷ್ಣೆಯ ನೀರಿಗೆ ಕೆನಾಲು ತೋಡುವಾಗ ಮಣ್ಣು ಹೊರಲೆಂದು ಬಂದವರು. ಕ್ಯಾಂಪಿನ ವರ್ಕ್‌ಶಾಪಿನಲ್ಲಿದ್ದ ಖಾಜಾಹುಸೇನ ಉಸ್ತಾದರು ಬುಟ್ಟಿ ಬಿಡಿಸಿ ಸುತ್ತಿಗೆ ಹಿಡಿಸಿದರು. ಅಂದಿನಿಂದ ಕಮಾನಿನದೇ ಕೆಲಸ. ಗಾಡಿಯ ಹಿಂದಿನ ಅಚ್ಚಿಗೆ ಬಿಗಿದಿರುವ, ಒಂದರ ಮೇಲೊಂದು ಕೂತ ಉಕ್ಕಿನ ಪಟ್ಟಿಗಳ ಕಟ್ಟೇ ಕಮಾನು. ಒಂದೊಂದು ಪಟ್ಟಿ ಒಂದೊಂದು ಪಾಟಾ. ಪಾಟಾ ಹೆಚ್ಚಿದ್ದರೆ ಗಾಡಿ ಭಾರ ತಡೆಯುತ್ತದೆ, ಒಳಗಿದ್ದವರನ್ನು ಒದೆಯುತ್ತದೆ. ಕಡಿಮೆಯಿದ್ದರೆ ಮೆತ್ತಗೆ ಹೋಗುತ್ತದೆ, ಭಾರ ಬಿದ್ದರೆ ಕುಸಿಯುತ್ತದೆ.

ಕೆನಾಲಿನ ನೀರು ಬಂದ ಮೇಲೆ ಈ ಸೀಮೆಯಲ್ಲಿ ಭತ್ತ ಬಂತು, ಭತ್ತ ತುಂಬಿದ ಟ್ರಾಲಿ ಬಂದವು, ಅವುಗಳ ಮುರಿದ ಕಮಾನು ಬೀರಣ್ಣನ ಶೆಡ್ಡಿಗೆ ಬಂದವು. ಸುಗ್ಗಿಯ ದಿನಗಳಲ್ಲಿ ದಿನಕ್ಕೆ ನಾಲ್ಕು ಕಮಾನು ಬಿಚ್ಚಿ ಕಟ್ಟುತ್ತಾರೆ. ನಡು ಹಿಡಿದುಕೊಂಡಿದೆ, ಸುತ್ತಿಗೆಯ ಸದ್ದಿಗೆ ಒಂದು ಕಿವಿ ಮಂದವಾಗಿದೆ. ಪಾಟಾ ಕಾಯಿಸುವ ಕುಲುಮೆಗೆ ಇಪ್ಪತ್ತು ವರ್ಷ ತಿದಿ ಒತ್ತಿದವರು ರೇಣಮ್ಮ. ಈಗ ಅಲ್ಲಿ ಕರೆಂಟಿನ ಬ್ಲೋವರ್ ಕೂತಿದೆ. "ಅದಕ್ಕ ಬೈಯಾಕ ಬರಂಗಿಲ್ಲ ನೋಡ್ರಿ. ಆಕಿ ಬೈತಿದ್ಲು, ಕೆಲಸ ಸಾಗ್ತಿತ್ತು."

ಕೆಂಪು ಕಾರು ಜಲಾಲುದ್ದೀನರದು. ಅವರ ತಂದೆ ಕೆನಾಲಿನ ಕಂತ್ರಾಟು ಹಿಡಿದ ಕಾಲಕ್ಕೆ ಹೈದರಾಬಾದಿನಿಂದ ತಂದಿದ್ದು. ಹೋದ ವರ್ಷ ಜಲಾಲುದ್ದೀನ ಅದನ್ನು ಗೋದಾಮಿನಿಂದ ಎಳೆಸಿ, ನಾಲ್ಕು ಹೊಸ ಅಗಲ ಟೈರಿನೊಂದಿಗೆ ಶೆಡ್ಡಿಗೆ ತಂದು ನಿಲ್ಲಿಸಿದರು. "ಹೈದರಾಬಾದದಾಗ ಹಳಿ ಗಾಡಿಗೋಳ ರೇಸ್ ಅದ, ಬೀರಣ್ಣ. ಅಗಲ ಟೈರ್ ಹಾಕಿ ಗಟ್ಟಿ ಕಮಾನು ಕೂಡಿಸ್ಬೇಕು. ತಾರೀಖ್ ಬರೂ ತನಕ ನೀನೇ ಓಡಸ್ತಿರು, ನಿಂತ ಗಾಡಿ ಕೆಡ್ತದ. ಅಕ್ಕಾನ್ನ ದವಾಖಾನಿಗಿ ಇದರಾಗೇ ಕರ್ಕೊಂಡ್ ಹೋಗು," ಅಂದರು.

ಬೀರಣ್ಣ ಅಗಲ ಟೈರುಗಳನ್ನು ಗೋಡೆಗೆ ಒರಗಿಸಿಟ್ಟು, ಗುಜರಿಯಲ್ಲಿ ಹುಡುಕಿ ಕಿರಿದಾದವನ್ನು ತಂದು ಹಾಕಿದರು. "ಅಗಲ ಟೈರು ಓಡೂ ಗಾಡಿಗಿ ಚಲೋ. ತಿರುವಿನ್ಯಾಗ ನೆಲ ಬಿಡಂಗಿಲ್ಲ. ಆದ್ರ ಈ ಟೈರಿನ ಬಗಲು ಗಿಡ್ಡರಿ. ತಗ್ಗಿನ ಅಂಚು ಬಡಿದ್ರ ಸೀದಾ ಸೀಟಿಗಿ ಪೆಟ್ಟು. ಸಣ್ಣ ಟೈರಿಂದು ಬಗಲು ಎತ್ತರ. ಗಾಳಿ ಒಂಚೂರು ಇಳಿಸಿದ್ರ ಅರ್ಧ ಪೆಟ್ಟು ಅದೇ ನುಂಗ್ತದ." ಹಿಂದಿನ ಕಮಾನಿನಿಂದ ಎರಡು ಪಾಟಾ ತೆಗೆದು, ಉಳಿದವನ್ನು ಕಾಯಿಸಿ ಬಾಗಿಸಿದರು. ಮುಂದಿನ ಸ್ಪ್ರಿಂಗನ್ನೂ ಮೆತ್ತನೆಯದಕ್ಕೆ ಬದಲಿಸಿದರು.

ಮೊದಲ ಸಲ ಹೊರಟಾಗ ಎದುರು ಸಿಕ್ಕ, ಯಾದಗಿರಿಗೆ ಬಾಡಿಗೆ ಜೀಪು ಓಡಿಸುವ ಮೌನಪ್ಪ ಕೆಣಕಿದ್ದನ್ನು ರೇಣಮ್ಮ ಇನ್ನೂ ನೆನೆಯುತ್ತಾರೆ. "ಏನ್ ಕಾಕಾ, ಈ ವಯಸ್ಸಿನ್ಯಾಗ ಕಾಕೂನ್ನ ರೇಸಿಗಿ ಒಯ್ಯಾಕತ್ತೀರೇನು?" ಅಂದನಂತೆ. "ಹಿಂದಿಂದ ನೀನೂ ಬಾರಪಾ, ಸೋಲಾಕ ಒಬ್ರು ಬೇಕಲ್ಲ," ಅಂದರಂತೆ ರೇಣಮ್ಮ.

ಆದರೆ ಮೆತ್ತಗಾದ ಕಮಾನು ಎರಡು ತಿಂಗಳಿಗೆ ಮತ್ತೆ ಒದೆಯತೊಡಗಿತು. ಬೀರಣ್ಣ ಗಾಡಿಯ ಕೆಳಗೆ ಎಷ್ಟು ಸಲ ನುಸುಳಿದರೂ ದೋಷ ಸಿಗಲಿಲ್ಲ. ಬದಲಾದದ್ದು ಸೀಟಿನ ಮೇಲಿನ ಭಾರ; ಅದು ಇಳಿದಷ್ಟೂ ಕಮಾನು ಬಗ್ಗದೆ ಒದೆಯುತ್ತದೆ. ದವಾಖಾನೆಯಲ್ಲಿ ಪ್ರತಿ ಸಲ ತೂಕ ನೋಡುತ್ತಾರೆ, ಪ್ರತಿ ತಿಂಗಳೂ ಮುಳ್ಳು ಹಿಂದೆ ಸರಿಯುತ್ತದೆ. ಆಗಲೇ ಬೀರಣ್ಣ ಉಸುಕಿನ ಚೀಲ ಕಟ್ಟಿದ್ದು. ಅಲ್ಲಿ ತೂಕ ಇಳಿದಷ್ಟು ಇಲ್ಲಿ ಉಸುಕು ತೆಗೆಯುತ್ತಾರೆ. ಅದಕ್ಕೆ ತಕ್ಕ ತೆಳು ಪಾಟಾ ಹುಡುಕುತ್ತಾರೆ, ಟೈರಿನ ಗಾಳಿ ಇಳಿಸುತ್ತಾರೆ.

ಇವತ್ತು ಬೆಳಿಗ್ಗೆ ರೇಣಮ್ಮ ಹೊತ್ತಿಗೆ ಮೊದಲೇ ಎದ್ದಿದ್ದಾರೆ. ಗೋಡೆ ಹಿಡಿದು ಶೆಡ್ಡಿಗೆ ಬಂದವರಿಗೆ ಗೇಟಿನಿಂದ ವಾಪಸಾದ ಕಾರು ಕಾಣುತ್ತದೆ.

"ಅದ್ಯಾರ್ರಿ ನನ್ನ ಸೀರಿ ಉಟ್ಕೊಂಡು ಕುಂತಾಕಿ?"

"ಟ್ರಾಯಲ್ಲಿನ ಚೀಲ ಅದು. ಒಳಗ ನಡಿ, ಥಂಡಿ ಅದ."

ಅವರು ಹೋಗುವುದಿಲ್ಲ. ಚೀಲವನ್ನು ಅಂಗೈಯಿಂದ ಒತ್ತಿ ನೋಡುತ್ತಾರೆ. ಕೊಕ್ಕೆಯ ತಕ್ಕಡಿ ನೋಡುತ್ತಾರೆ. ಗೋಡೆ ಬದಿಯ ಗುಡ್ಡೆಯನ್ನು ಬಹಳ ಹೊತ್ತು ನೋಡುತ್ತಾರೆ.

"ಅಷ್ಟೂ ನಾನೇನ್ರಿ?"

ಬೀರಣ್ಣನಿಗೆ ಕೇಳುವ ಕಿವಿ ಆ ಕಡೆಗೇ ಇದೆ. ಆದರೂ ಸ್ಪಾನರ್ ಹುಡುಕುವವರ ಹಾಗೆ ಬಗ್ಗುತ್ತಾರೆ. ಮರುದಿನ ಗುಡ್ಡೆ ಅಲ್ಲಿರುವುದಿಲ್ಲ. ಬುಟ್ಟಿಯಲ್ಲಿ ಹೊತ್ತು ಕೆನಾಲಿನ ಏರಿಗೆ ಸುರಿದು ಬಂದಿದ್ದಾರೆ. ಕೆನಾಲು ತುಂಬಿ ಹರಿಯುತ್ತಿದೆ. "ಇಷ್ಟು ನೀರು ಮಗ್ಗಲದಾಗ ಅದ. ಆಕಿ ಹೊಟ್ಟಿ ತುಂಬ ಕುಡದು ವರ್ಷ ಆತ್ರಿ. ಡಾಕ್ಟರ್ ಲೆಕ್ಕದಾಗ ಗುಟುಕು ಗುಟುಕು."

ಮುಂದಿನ ವಾರ ಜಲಾಲುದ್ದೀನ ಬರುತ್ತಾರೆ. ರೇಸಿನ ತಾರೀಖು ಗೊತ್ತಾಗಿದೆ. ಕಾರಿನ ಕಡೆ ನೋಡದೆ ರೇಣಮ್ಮನ ಆರೋಗ್ಯ ಕೇಳುತ್ತಾರೆ, ಚಹಾ ಕುಡಿಯುತ್ತಾರೆ, ಎದ್ದು ನಿಂತು ಹೇಳುತ್ತಾರೆ: "ಹೇಳಾಕ ನಾಚಿಕಿ ಬರ್ತದ, ಬೀರಣ್ಣ."

"ಅದರಾಗ ನಾಚಿಕಿ ಏನ್ರಿ, ಸಾಹೇಬ್ರ. ಓಡಾಕ ಹುಟ್ಟಿದ ಗಾಡಿ ಅದು."

ಎರಡು ದಿನ ಬೀರಣ್ಣ ತಾವು ಮಾಡಿದ್ದನ್ನೆಲ್ಲ ತಾವೇ ಬಿಚ್ಚುತ್ತಾರೆ. ತೆಗೆದಿದ್ದ ಪಾಟಾ ಮರಳಿ ಸೇರುತ್ತವೆ, ಗಟ್ಟಿ ಸ್ಪ್ರಿಂಗ್ ಬರುತ್ತದೆ, ಅಗಲ ಟೈರು ಏರುತ್ತವೆ. ಒಂದು ನಟ್ಟನ್ನೂ ಸಡಿಲ ಬಿಡುವುದಿಲ್ಲ. "ಮೆತ್ತಗ ಬಿಟ್ಟು ಕೊಟ್ರ ಜೋರಿನ್ಯಾಗ ವಾಲ್ತದ್ರಿ. ಅವರ ಮನ್ಯಾಗೂ ಹೆಂಡ್ತಿ ಅದಾಳ."

ಕಾರು ಹೋದ ಮೇಲಿನ ಮಂಗಳವಾರ ಇಬ್ಬರೂ ಬಸ್ಸಿನಲ್ಲಿ ಹೋಗುತ್ತಾರೆ. ಭೀಮಾ ನದಿಯ ಸೇತುವೆಯ ಮೇಲೆ ರೇಣಮ್ಮ ಸೆರಗು ಕಚ್ಚಿ ಹಿಡಿಯುತ್ತಾರೆ. ಮನೆಗೆ ಬಂದು ಹಾಸಿಗೆಗೆ ಒರಗಿ, "ಇನ್ನ ನಾ ಒಲ್ಲೆ. ಸಾಯೂದಾದ್ರ ಇಲ್ಲೇ ಸಾಯ್ತೀನಿ, ಕುಲುಕಿಸ್ಕೊಂಡು ಸಾಯಂಗಿಲ್ಲ," ಅನ್ನುತ್ತಾರೆ. ಡಯಾಲಿಸಿಸ್ ಬಿಟ್ಟರೆ ಎಷ್ಟು ದಿನ ಎಂಬುದು ಇಬ್ಬರಿಗೂ ಗೊತ್ತಿದೆ.

ಆ ಸಂಜೆ ಬೀರಣ್ಣ ಮೌನಪ್ಪನ ಜೀಪಿನ ಕೆಳಗೆ ನುಸುಳುತ್ತಾರೆ. ಗಟ್ಟಿ ಕಮಾನು, ಒಂದು ಪಾಟಾ ತೆಗೆದರೂ ಮಂದಿ ತುಂಬಿದ ದಿನ ಮುರಿಯುತ್ತದೆ. ಹೊಟ್ಟೆಪಾಡಿನ ಗಾಡಿ, ಮುಟ್ಟುವಂತಿಲ್ಲ. ಹೊರಗೆ ಬಂದು ಕೈ ಒರೆಸಿಕೊಂಡು ಕೇಳುವುದು ಒಂದೇ ಮಾತು: "ಮುಂಜಾನೆ ನಿನ್ನ ಗಾಡಿ ತುಂಬತದೇನೋ?"

"ಕೋರ್ಟು, ಕಚೇರಿ, ರೈಲಿಗಿ ಹೋಗೋರು ಇರ್ತಾರ ಕಾಕಾ. ಕಾಲಿಡಾಕ ಜಾಗ ಇರಂಗಿಲ್ಲ."

"ಹಂಗಾದ್ರ ನಡು ಸೀಟು ನಿಮ್ಮ ಕಾಕೂಗ ಇಡು. ಭಾರ ಇಲ್ಲದ ಕಮಾನು ಒದೀತದ. ಮಂದಿ ತುಂಬಿದ್ರ ಬಗ್ಗತದ, ತೊಟ್ಲ ಆಗ್ತದ."

ಶುಕ್ರವಾರ ರೇಣಮ್ಮ ಬೈದುಕೊಂಡೇ ಹತ್ತುತ್ತಾರೆ. ಎಡಕ್ಕೊಬ್ಬ ದಪ್ಪ ಗುಮಾಸ್ತ, ಬಲಕ್ಕೆ ಸೊಪ್ಪಿನ ಬುಟ್ಟಿಯ ಭೀಮವ್ವ, ಹಿಂದೆ ಹತ್ತೆಂಟು ಮಂದಿ. ಸೇತುವೆ ಬರುವಷ್ಟರಲ್ಲಿ ಅವರಿಗೆ ಭೀಮವ್ವನ ಭುಜದ ಮೇಲೆ ನಿದ್ದೆ ಬಂದಿರುತ್ತದೆ.

ಕಷ್ಟ ಇರುವುದು ಮರಳುವಾಗ. ಡಯಾಲಿಸಿಸ್ ಮಧ್ಯಾಹ್ನಕ್ಕೆ ಮುಗಿಯುತ್ತದೆ, ಊರಿಗೆ ಹೋಗುವ ಮಂದಿ ಸಂಜೆಗೆ. ಸೂಜಿ ತೆಗೆದ ಕೈ ಹಿಡಿದುಕೊಂಡು ಅಲ್ಲಿಯವರೆಗೆ ಕೂರುವ ಶಕ್ತಿ ರೇಣಮ್ಮನಿಗಿಲ್ಲ. ಖಾಲಿ ಜೀಪು ಕಾರಿಗಿಂತ, ಬಸ್ಸಿಗಿಂತ ಕೆಟ್ಟದಾಗಿ ಒದೆಯುತ್ತದೆ.

ಅದಕ್ಕೇ ವಾರಕ್ಕೆರಡು ದಿನ, ನಡು ಮಧ್ಯಾಹ್ನದ ಬಿಸಿಲಲ್ಲಿ, ದವಾಖಾನೆಯ ಗೇಟಿನ ಮುಂದೆ ಕಪ್ಪು ಕೈಗಳ ಮುದುಕರೊಬ್ಬರು "ಶಾಪೂರ, ಶಾಪೂರ, ಶಾಪೂರ" ಎಂದು ಕೂಗುತ್ತ ನಿಂತಿರುತ್ತಾರೆ. ಮೊದಲು ಪುಕ್ಕಟೆ ಎಂದು ಕೂಗಿದ್ದರು; ಯಾರೂ ಹತ್ತಲಿಲ್ಲ. "ಪುಕ್ಕಟ ಅಂದ್ರ ಮಂದಿ ಅಂಜತಾರ್ರಿ. ಈಗ ಅರ್ಧ ಚಾರ್ಜ್ ಅಂತೀನಿ. ಉಳಿದರ್ಧ ಮೌನಪ್ಪಗ ನಾ ಕೊಡ್ತೀನಿ." ಜೀಪಿನೊಳಗಿಂದ ರೇಣಮ್ಮ, "ಸಾಕ್ ಬರ್ರಿ ಇನ್ನ, ಬಿಸಿಲು," ಅನ್ನುತ್ತಾರೆ. ಬೀರಣ್ಣ ಮಂದ ಕಿವಿಯನ್ನು ಆ ಕಡೆ ಮಾಡಿ ನಿಲ್ಲುತ್ತಾರೆ.

"ದೊಡ್ಡದೇನ್ ಬೇಡೂದಿಲ್ರಿ ದೇವರ್ನ," ಅನ್ನುತ್ತಾರೆ, ರಸ್ತೆಯ ಆ ತುದಿಯಲ್ಲಿ ಕಂಡ ಗಂಟುಮೂಟೆಯ ಕುಟುಂಬವೊಂದರ ಕಡೆ ಕೈ ಎತ್ತುತ್ತ. "ಬರೂಮುಂದ ಸೈತ ಒಂದ್ ಆರು ಮಂದಿ ಸಿಕ್ರ ಸಾಕು. ದಪ್ಪ ಮೈಯೋರಾದ್ರ ನಾಕೇ ಸಾಕ್ರಿ."