ನಾಲ್ಕನೆಯ ರಾಟೆ

ಕಣ್ವ ಜಲಾಶಯದ ಹಿನ್ನೀರಿನ ಮೇಲೆ ಇನ್ನೂ ಮಬ್ಬುಗತ್ತಲು. ಆಚೆ ದಡದ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ದು ಮುಗಿಸಿದ ಭದ್ರಮ್ಮ, ಒದ್ದೆ ಗೋಣಿ ಸುತ್ತಿದ ಹೊರೆಗಳನ್ನು ದೋಣಿಗೆ ಜೋಡಿಸುತ್ತಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂದಿನ ಹಲಗೆ ಮೇಲೆ ಕೂತು, ಚುಕ್ಕಾಣಿಯ ಹಿಡಿಯನ್ನು ಮೊಣಕಾಲಲ್ಲಿ ಅದುಮಿಕೊಂಡು ಒಂದು ಹಗ್ಗ ಜಗ್ಗುತ್ತಾರೆ. ತೇಪೆ ಹಾಕಿದ ಹಾಯಿ ಸರಸರ ಮೇಲೇರುತ್ತದೆ. ಕೂತ ಜಾಗದಿಂದ ಒಂದಿಷ್ಟೂ ಕದಲಿಲ್ಲ, ನೋಡಿ! ದೋಣಿಯ ನಡುವೆ ಕಂಬಳಿ ಹಾಸಿ ಕೂತ ಗಂಡ ಪುಟ್ಟಲಿಂಗಯ್ಯ ಗಾಳಿಗೆ ಮುಖವೊಡ್ಡಿ, "ಇನ್ನೂ ಗಾಳಿ ಬಲಿತಿಲ್ಲ, ಒಸಿ ತಡಿ" ಎನ್ನುತ್ತಾರೆ.

"ಹುಳ ತಡೀತವಾ?" ಎಂದು ಭದ್ರಮ್ಮ ನಗುತ್ತಾರೆ.

ಎಲ್ಲಿ ತಡೆಯುತ್ತವೆ? ಮೇವು ಬಿಟ್ಟು ಮಲಗುವ ನಾಲ್ಕನೇ ಜ್ವರ ಮುಗಿಸಿ, ಕೊನೆಯ ಸಲ ಪೊರೆ ಬಿಟ್ಟು ಎದ್ದ ರೇಷ್ಮೆಹುಳುವಿನಷ್ಟು ಹೊಟ್ಟೆಬಾಕ ಇನ್ನೊಂದಿಲ್ಲ. ಹಗಲೂ ಇರುಳೂ ಮೇಯಬೇಕು, ಅದೂ ಬಾಡದ ಸೊಪ್ಪೇ ಆಗಬೇಕು. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆಯಾಗುತ್ತಿರುವ, ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿಲ್ಲದ ಕಾಲವಿದು. ಇವರೂ ಆಚೆ ದಡದಲ್ಲಿ ಕುರಿ ಮೇಯಿಸುತ್ತಿದ್ದ ಜಮೀನಿಗೆ ಕಡ್ಡಿ ನೆಟ್ಟರು. ಮನೆ, ಹುಳುಮನೆ ಮಾತ್ರ ಈಚೆ ದಡದಲ್ಲಿ. ಏರಿ ಬಳಸಿ ಗಾಡಿಯಲ್ಲಿ ತಂದರೆ ಮನೆ ಮುಟ್ಟುವಷ್ಟರಲ್ಲಿ ಸೊಪ್ಪು ಸೊರಗಿರುತ್ತದೆ.

ಬೆಂಗಳೂರಿನ ಯಾರೋ ಶ್ರೀಮಂತರು ಆಟಕ್ಕೆಂದು ತಂದು, ಬೇಜಾರಾಗಿ ಬಿಟ್ಟಿದ್ದ ಹಳೇ ಹಾಯಿದೋಣಿ ಇದು; ನಡುವೆ ದೊಡ್ಡ ಹಾಯಿ, ಮುಂದೆ ಪುಟ್ಟದೊಂದು ಮರಿಹಾಯಿ. ಅವರಿಗೆ ಎರಡು ಟಗರು ಕೊಟ್ಟು ಪುಟ್ಟಲಿಂಗಯ್ಯ ಇದನ್ನು ಕೊಂಡಾಗ, "ಕುರಿ ಕಾಯೋನ್ಗೆ ಹಾಯಿ ಯಾಕ್ಲಾ?" ಎಂದು ಊರೇ ನಕ್ಕಿತ್ತು. ಅವರು ಕಂಬದ ಬುಡದಲ್ಲಿ ನಿಂತು ಹಾಯಿ ನೋಡಿಕೊಂಡರೆ ಭದ್ರಮ್ಮ ಚುಕ್ಕಾಣಿ ಹಿಡಿಯುತ್ತಿದ್ದರು. ನಕ್ಕವರೇ ಆಮೇಲೆ "ನಮ್ಮನ್ನೂ ಒಸಿ ಆಚೆಗೆ ಬುಟ್ಬುಡಿ" ಎಂದು ಬರತೊಡಗಿದರು.

ಹೋದ ವರ್ಷ ಹುಣಸೆ ಹಣ್ಣು ಬಡಿಯಲು ಮರ ಹತ್ತಿದ ಪುಟ್ಟಲಿಂಗಯ್ಯ ಕೆಳಗೆ ಬಿದ್ದರು. ಜೀವ ಉಳಿಯಿತು, ಸೊಂಟ ಹೋಯಿತು. ನಿಲ್ಲಲಾಗದು, ಭಾರ ಎಳೆಯಲಾಗದು. ಇಬ್ಬರು ಬೇಕಾದ ದೋಣಿ ಹೊಂಗೆ ಮರದಡಿ ಮಗುಚಿ ಮಲಗಿತು. ನೆರೆಯ ಮುನಿರಾಮಯ್ಯ, ಪಾಪ, ತನ್ನ ಡೀಸೆಲ್ ದೋಣಿಯಲ್ಲಿ ಸೊಪ್ಪು ತಂದುಕೊಟ್ಟ. ರೇಷ್ಮೆಹುಳುವಿಗೆ ವಾಸನೆ ಆಗದು, ಬೀಡಿ ಸೇದಿದವರನ್ನೇ ಹುಳುಮನೆಗೆ ಬಿಡುವುದಿಲ್ಲ. ಆ ಗಡಿಬಿಡಿಯಲ್ಲಿ ಎಲ್ಲರೂ ಅದನ್ನು ಮರೆತರು. ಡೀಸೆಲ್ ಹೊಗೆ ತಾಗಿದ ಸೊಪ್ಪನ್ನು ಹುಳುಗಳು ಮೂಸಿಯೂ ನೋಡಲಿಲ್ಲ. ಇಡೀ ಬೆಳೆ ತಿಪ್ಪೆಗೆ ಹೋಯಿತು.

"ಅತ್ತ ಹುಳ ಸೊಪ್ಪು ಬುಡ್ತು, ಇತ್ತ ನನ್ ಮಗ ಅನ್ನ ಬುಟ್ಟ" ಎನ್ನುತ್ತಾರೆ ಅತ್ತೆ ಅಂಬಮ್ಮ. "ಗ್ವಾಡೆ ಕಡೀಕ್ ತಿರುಗ್ ಮನಿಕಂಡ್ರೆ ಏಳ್ತಾನೇ ಇರ್ನಿಲ್ಲ. ನನ್ನಿಂದ ಇನ್ನೇನಾದದು ಅಂತ, ಅದೊಂದೇ ಮಾತು."

ಭದ್ರಮ್ಮನಿಗೆ ಹೋದ ಬೆಳೆಗಿಂತ ಆ ಗೋಡೆಯದೇ ಚಿಂತೆ. ಬಿದ್ದಿದ್ದ ದೋಣಿ ಎತ್ತಿಸಿದರು. ಬಿರುಕಿಗೆ ಟಾರು ಬಳಿದು, ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಿಗಿಟ್ಟರು. ಒಬ್ಬರೇ ನಡೆಸಬೇಕೆಂದರೆ ಹಾಯಿ ಏರಿಸುವ, ಇಳಿಸುವ, ತಿರುಗಿಸುವ ಹಗ್ಗಗಳೆಲ್ಲ ಕಂಬದ ಬುಡದಿಂದ ಹಿಂದಿನ ಹಲಗೆಯವರೆಗೆ ಬರಬೇಕು. ಅದಕ್ಕೆ ರಾಟೆ ಬೇಕು. ಬಾವಿಯ ಕಬ್ಬಿಣದ ರಾಟೆ ತೀರಾ ಭಾರ. ಸರಿ, ಚನ್ನಪಟ್ಟಣದಲ್ಲಿ ಬುಗುರಿ, ಗಿಲಕಿ ಕಡೆಯುವ ರೋಶನ್ ಬೀ ಅವರ ಬಾಗಿಲು ತಟ್ಟಿದರು.

"ಮಕ್ಕಳ ಸಾಮಾನು ಮಾಡ್ತೀನಮ್ಮ, ದೋಣಿದು ನಂಗೇನ್ ಗೊತ್ತು?" ಎನ್ನುತ್ತಲೇ ರೋಶನ್ ಬೀ ಗೊಂಬೆಗೆ ಬಳಸುವ ಹಗುರ ಆಲೆ ಮರದಲ್ಲೇ ರಾಟೆ ಕಡೆದುಕೊಟ್ಟರು. ಆ ರಾಟೆಗಳು ನೀರು ಕುಡಿದು ಊದಿಕೊಂಡವು. ಹಗ್ಗ ಸಿಕ್ಕಿಬಿದ್ದು, ಹಾಯಿ ಇಳಿಯದೆ, ದೋಣಿ ಹೋಗಿ ಬಂಡೆಗೆ ಗುದ್ದಿತು. "ಇರುಳು ಕಂಡ ಬಾವೀಲಿ ಹಗ್ಲು ಬೀಳ್ತಾವ್ಳೆ" ಎಂದಿತು ಊರು. ಎರಡನೇ ಸಲ ರೋಶನ್ ಬೀ ಗೊಂಬೆಗೆ ಹಾಕುವ ಅರಗನ್ನೇ ನೀರು ಇಳಿಯದಂತೆ ದಪ್ಪಗೆ ಹಾಕಿದರು. ಕೆಂಪು, ಹಳದಿ, ನೀಲಿ, ಹಸಿರು, ಒಟ್ಟು ನಾಲ್ಕು ರಾಟೆ. ಭದ್ರಮ್ಮ ಹಾಯಿಯನ್ನೂ ಮೊಳದಷ್ಟು ಕತ್ತರಿಸಿ ಚಿಕ್ಕದು ಮಾಡಿದರು. ಈಗ ಗಾಳಿ ರೇಗಿದರೆ ಹಗ್ಗ ಕೈಬಿಟ್ಟರೆ ಸಾಕು, ದೋಣಿ ಸುಮ್ಮನಾಗುತ್ತದೆ.

ದೋಣಿ ಸಿದ್ಧವಾಯಿತು. ಪುಟ್ಟಲಿಂಗಯ್ಯ ಮಾತ್ರ ಜಪ್ಪಯ್ಯ ಅಂದರೂ ಬರಲೊಲ್ಲರು. "ಮೂಟೆ ಥರ ಕುಂತ್ಕಳಾಕೆ ನಾನೇನು ಸೊಪ್ಪಿನ ಹೊರೆಯಾ?"

"ಮುಂದ್ಗಡೆ ಮರಿಹಾಯಿ ಹಗ್ಗ ನಂಗೆ ಎಟುಕ್ತಾ ಇಲ್ಲ ಕಣ್ರೀ" ಎಂದರು ಭದ್ರಮ್ಮ. "ನೀವ್ ಬಂದ್ರೆ ದೋಣಿ ಓಡ್ತದೆ. ಇಲ್ದಿದ್ರೆ ತೆವಳ್ತದೆ, ಅಷ್ಟೇಯ."

ಆ ರಾತ್ರಿ ಅವರು ಮುದ್ದೆ ಉಂಡರು. ಬೆಳಿಗ್ಗೆ ಮುನಿರಾಮಯ್ಯನ ಹೆಗಲಿಗೆ ಕೈ ಹಾಕಿ ದೋಣಿ ಹತ್ತಿದರು. ಅಂದಿನಿಂದ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ತಪ್ಪಿಸಿಲ್ಲ. ಕೂತಲ್ಲೇ ಎಳೆಯಬಹುದಾದ ಹಗುರ ಹಗ್ಗ ಅದು. ಈ ಸಲದ ಹುಳು ಚೆನ್ನಾಗಿ ಎದ್ದಿದೆ, ಇನ್ನು ಕೆಲವೇ ದಿನಕ್ಕೆ ಗೂಡು ಕಟ್ಟುತ್ತದೆ.

ಆದರೆ ದೋಣಿಯಲ್ಲಿ ಎಣಿಸಿದರೆ ಮೂರೇ ರಾಟೆ. ಹಸಿರು ಬಣ್ಣದ ನಾಲ್ಕನೆಯದು ಹುಳುಮನೆಯ ದೀಪದ ಪಕ್ಕ ಕೂತಿದೆ. ಕೇಳಿದರೆ ಭದ್ರಮ್ಮ ಗಂಡನಿಂದ ದೂರ ಕರೆದುಕೊಂಡು ಹೋಗಿ ಹೇಳುತ್ತಾರೆ. "ಅದ್ನೂ ಕಟ್ಬುಟ್ರೆ ಮರಿಹಾಯಿ ಹಗ್ಗಾನೂ ನನ್ ಕೈಗೇ ಬತ್ತದೆ, ಅವ್ರು ಮನೇಲೇ ಉಳ್ಕಂಬುಡ್ತಾರೆ. ಒಬ್ಳೇ ನಡ್ಸೋ ಹಂಗೆ ಕಟ್ಟಿರಾದು ದಿಟ. ಒಬ್ಳೇ ಹೋಗಾಕಲ್ಲ." ಆಸೆ ಏನೆಂದರೆ, ನೀರು ಕಂಡರೆ ಹೆದರುವ ಅತ್ತೆಯನ್ನೂ ಕೂರಿಸಿಕೊಂಡು ಹೋಗಿ, ತೋಟದಲ್ಲಿ ಎಲ್ಲರೂ ಕೂತು ರೊಟ್ಟಿ ತಿಂದು ಬರಬೇಕು.

ಈಚೆ ದಡದಲ್ಲಿ ಭದ್ರಮ್ಮ ಹೊರೆ ಹೊತ್ತು ಹುಳುಮನೆಗೆ ನಡೆದ ಮೇಲೆ ಪುಟ್ಟಲಿಂಗಯ್ಯ ದನಿ ತಗ್ಗಿಸುತ್ತಾರೆ. "ಆ ಹಸ್ರು ರಾಟೆ ನಾನೂ ನೋಡಿವ್ನಿ. ಮೂರು ಕಟ್ಟಿದೋಳ್ಗೆ ನಾಕ್ನೇದು ಕಟ್ಟಾಕ್ ಬರಾಕಿಲ್ವಾ, ನೀವೇ ಹೇಳಿ?" ಕಣ್ಣು ತುಂಬಿಕೊಂಡಿದೆ, ಬಾಯಲ್ಲಿ ನಗು. "ನಂಗೊತ್ತು ಅಂತ ಅವ್ಳಿಗೆ ಹೇಳ್ಬುಟ್ಟೀರಾ ಮತ್ತೆ."

ಇದೆಲ್ಲ ಪೇಪರಿನಲ್ಲಿ ಬಂದರೆ ಅವರಿಗೆ ಗೊತ್ತಾಗುವುದಿಲ್ಲವೇ ಎಂದು ಕೇಳಿದರೆ ಕೈಯಾಡಿಸುತ್ತಾರೆ.

"ಬರೀರಿ, ಬರೀರಿ. ಪೇಪರ್ ಓದಾಕೆ ಅವ್ಳಿಗೆಲ್ ಬತ್ತದೆ? ಓದಿ ಹೇಳೋನು ನಾನೇ ಅಲ್ವಾ? ಇದೊಂದ್ ಮಾತ ಬುಟ್ಟು ಓದ್ತೀನಿ."