ಹಳ್ಳಕ್ಕೆ ಹಗ್ಗ ಕಟ್ಟುತ್ತಿದ್ದ ಪರಸಣ್ಣ

ತಹಸೀಲ್ದಾರ ಕಚೇರಿಯಿಂದ ಫೋನ್ ಬಂದರೆ ಪರಸಣ್ಣ ಎದ್ದು ನಿಲ್ಲುತ್ತಿದ್ದ. ಊಟಕ್ಕೆ ಕೂತಿದ್ದರೂ ಅಷ್ಟೇ, ಎಂಜಲ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು "ಹೂಂನ್ರಿ ಸಾಹೇಬ್ರ" ಎನ್ನುತ್ತಿದ್ದ. "ನೀ ನಿಂತಿದ್ದು ಅವರಿಗೇನ ಕಾಣಸ್ತೈತೇನೋ?" ಎಂದು ಅವ್ವ ನಗುತ್ತಿದ್ದಳು. "ಕುಂತು ಮಾತಾಡಿದ್ರ ದನಿ ಸಣ್ಣದಾಗತೈತಿ ಬೇ" ಎನ್ನುತ್ತಿದ್ದ.

ಅವನು ನನ್ನ ಅಣ್ಣ. ಪಂಚಾಯತಿಯಲ್ಲಿ ನಲ್ಲಿಗೆ ನೀರು ಬಿಡುವ ಕೆಲಸ. ನಾಲ್ಕನೆಯ ತರಗತಿಗೆ ಸಾಲೆ ಬಿಟ್ಟ ನಾನು ಅವನ ಬೆನ್ನಿಗೇ ಇರುತ್ತಿದ್ದೆ. ಮೇಲೆ ಟಿಕೋಟಾ ಕಡೆ ದೊಡ್ಡ ಮಳೆಯಾದರೆ ನಮ್ಮ ಹಳ್ಳಕ್ಕೆ ನೀರು ತಡವಾಗಿ ಬರುತ್ತದೆ. ಆಗ ಇಲ್ಲಿ ಬಿಸಿಲಿರುತ್ತದೆ, ಯಾರೂ ನಂಬುವುದಿಲ್ಲ. ಅಷ್ಟರೊಳಗೆ ಕಚೇರಿಯವರು ಫೋನ್ ಮಾಡಬೇಕು, ಊರ ಲೆಕ್ಕಿಗ ತಲಾಠಿ ಪೊಲೀಸರಿಗೆ ತಿಳಿಸಬೇಕು, ಯಾರೂ ದಾಟದಂತೆ ನಾವು ಹಳ್ಳದ ಸೇತುವೆಯ ಎರಡೂ ದಂಡೆಗೆ ಹಗ್ಗ ಕಟ್ಟಬೇಕು. ಅವ್ವನ ಹಳೆಯ ಕೆಂಪು ಸೀರೆ ಹರಿದು ಹಗ್ಗಕ್ಕೆ ಗಂಟು ಹಾಕಿದ್ದು ಪರಸಣ್ಣನೇ.

ಒಮ್ಮೆ ಪಂಚಾಯತಿ ಅಧ್ಯಕ್ಷರೇ ಕಾರು ನಿಲ್ಲಿಸಿ ಹಗ್ಗ ಬಿಚ್ಚು ಎಂದರು. "ಬಿಚ್ಚತೀನ್ರಿ. ಮೊದಲ ನೀವು ಇಳದು ನಡಕೋಂತ ಹೋಗಿ ತೋರಸ್ರಿ" ಎಂದ. ಅವರು ನಕ್ಕು ಕಾರು ತಿರುಗಿಸಿದರು. ಆಮೇಲೆ ನನಗೆ ಹೇಳಿದ: "ಲೇ ಯಲ್ಲ್ಯಾ, ಹಗ್ಗದ ಹತ್ರ ನಿಂತಾಗ ನಮಗ ಬೀಗರಿಲ್ಲ, ಬಳಗಿಲ್ಲ."

ಹೋದ ಮಳೆಗಾಲದಲ್ಲಿ ಹಳ್ಳ ಬಂದ ದಿನ ಪೊಲೀಸರು ಇನ್ನೂ ಬಂದಿರಲಿಲ್ಲ. ಊರ ಕಡೆಯ ದಂಡೆಯಲ್ಲಿ ಅಣ್ಣ, ಎದುರು ದಂಡೆಯಲ್ಲಿ ನಾನು. ಸೇತುವೆಯ ಮೇಲೆ ಮೊಳಕಾಲುಮಟ್ಟ ನೀರು ಹರಿಯುತ್ತಿತ್ತು. ನಮ್ಮ ಸೋದರಮಾವ ಊರಿಗೆ ದಾಟಲೆಂದು ನನ್ನ ಕಡೆ ನಡೆದು ಬಂದ. ನನಗೆ ಮಗಳನ್ನು ಕೊಟ್ಟವನು.

"ಏನೋ ಅಳ್ಯಾ, ಹೆಣ್ಣ ಕೊಟ್ಟ ಮಾವಗ ಹಗ್ಗ ಅಡ್ಡ ಕಟ್ಟತಿ?"

ನಾಚಿಕೆಯಾಯಿತು. ಹಗ್ಗ ಎತ್ತಿ ಹಿಡಿದೆ.

ನಡುಸೇತುವೆಯಲ್ಲಿ ಮಾವ ಜಾರಿದ. ಅಣ್ಣ ಆ ಕಡೆಯಿಂದ ಓಡಿ ಬಂದು ಅವನ ರಟ್ಟೆ ಹಿಡಿದು ನನ್ನ ಕಡೆ ನೂಕಿದ. ನಾನು ನೀರಿಗಿಳಿದು ಮಾವನನ್ನು ಎಳೆದುಕೊಂಡು ದಂಡೆಗೆ ಹಾಕಿದೆ. ತಿರುಗಿ ನೋಡಿದರೆ ಸೇತುವೆಯ ಮೇಲೆ ಬರೀ ನೀರು.

ಮರುದಿನ ಅಣ್ಣನ ಹೆಣ ಸಿಕ್ಕಿತು. ಪಂಚಾಯತಿ ಕಟ್ಟೆಯ ಮೇಲೆ ತಹಸೀಲ್ದಾರ ಸಾಹೇಬರು ಕೇಳಿದರು, "ನಿನ್ನ ಕಡೆಯಿಂದ ಯಾರನ್ನಾದರೂ ಬಿಟ್ಟೆಯಾ?"

"ಇಲ್ರಿ. ಅಣ್ಣ ತಾನ ನನ್ನ ಕಡೆ ದಾಟಾಕ ಹೋಗಿ ಜಾರ್ಯಾನ್ರಿ."

ಮಾವ ಪಕ್ಕದಲ್ಲೇ ಇದ್ದ. ನನಗೆ ಅಳು ಬರಬಹುದೆಂದು ಕಾದೆ. ಬರಲಿಲ್ಲ.

ಮೊನ್ನೆ ಮಾವನೊಂದಿಗೆ ಬಬಲೇಶ್ವರದ ಹೋಟೆಲಿನಲ್ಲಿ ಕೂತಿದ್ದೆ. ಹಿಂದಿನ ಬಾಕಿನ ಮೇಲೆ ಕೂತಿದ್ದ ಒಬ್ಬ ಹೇಳುತ್ತಿದ್ದ, "ಊರ ಮಂದಿಗೆಲ್ಲ ಹಳ್ಳಕ್ಕ ಇಳೀಬ್ಯಾಡ್ರಿ ಅಂತಿದ್ದ. ತಾನ ಇಳದ ನೋಡು, ಶಾಣ್ಯಾ!" ಸುತ್ತಲಿನವರು ನಕ್ಕರು.

ಮಾವ ಬಶಿಗೆ ಚಹಾ ಸುರುವಿ ನನ್ನ ಕಡೆ ಸರಿಸಿದ. ಕುಡಿದೆ.